ತಿರುಗುವ ದಂಡಕ್ಕೆ ನೀರಿನ ತಡೆ: ಒಂದು ಹನಿ ಕಲಿಸಿದ ಪಾಠ

(ಶತಮಾನೋತ್ಸವ ವರ್ಷದ ವಿಜ್ಞಾನ ಪ್ರದರ್ಶನದ ಉದ್ಘಾಟನಾ ಸಮಾರಂಭದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ಈ ವರ್ಷದಲ್ಲಿ ಇದೇ ವೇದಿಕೆಯಿಂದ ಶಾಲೆಯ ಸ್ಥಾಪಕರ ಕುರಿತು, ಕಾಸರಗೋಡಿನ ಕನ್ನಡ ಪರಂಪರೆಯ ಕುರಿತು, ಯಕ್ಷಗಾನದ ಕುರಿತು ವಿದ್ವಾಂಸರು ಮಾತನಾಡಿದ್ದಾರೆ. ಇಂದು ವಿಜ್ಞಾನ ಪ್ರದರ್ಶನದ ದಿನ. ಕನ್ನಡ ಸಾಹಿತ್ಯವನ್ನು ಓದಿ ಅಧ್ಯಾಪನಕ್ಕೆ ಬಂದ ನಾವು ವಿಜ್ಞಾನದ ವಿಷಯವನ್ನು ವಿಜ್ಞಾನ ಅಧ್ಯಾಪಕರಿಗೆ ಬಿಟ್ಟುಕೊಟ್ಟು ದೀಪ ಬೆಳಗಿಸಿ ಕುಳಿತುಕೊಳ್ಳಬಹುದಿತ್ತು. ಹಾಗೆ ಮಾಡದಿರಲು ಒಂದು ಕಾರಣವಿದೆ.

ಎರಡು ವರ್ಷಗಳ ಹಿಂದೆ, ಶಾಲೆ ಪುನರಾರಂಭವಾಗುವ ವಾರದಲ್ಲಿ, ಒಬ್ಬ ತಾಯಿ ಮಗನ ಟಿ.ಸಿ. ಕೇಳಲು ಬಂದರು. ಅವರೂ ಇದೇ ಶಾಲೆಯ ಹಳೆ ವಿದ್ಯಾರ್ಥಿನಿ. "ಇಲ್ಲಿ ಕನ್ನಡ ಚೆನ್ನಾಗಿ ಕಲಿಸುತ್ತೀರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮಗನಿಗೆ ಯಂತ್ರವೆಂದರೆ ಪ್ರಾಣ. ಮುಂದೆ ಅದನ್ನೇ ಓದಬೇಕಾದವನು. ಯಂತ್ರದ ವಿಷಯವನ್ನು ಕನ್ನಡದಲ್ಲಿ ಹೇಳಿಕೊಡಲು ಆಗುತ್ತದೆಯೇ, ಟೀಚರ್?" ಎಂದು ಕೇಳಿದರು. ನಾವು ಮಾತೃಭಾಷಾ ಶಿಕ್ಷಣದ ಮಹತ್ವವನ್ನು ಹತ್ತು ನಿಮಿಷ ವಿವರಿಸಿದೆವು. ಅವರು ವಿನಯದಿಂದ ಕೇಳಿದರು, ಟಿ.ಸಿ. ಪಡೆದು ಹೋದರು. ಅವರು ಕೇಳಿದ್ದು ಮಹತ್ವದ ಪ್ರಶ್ನೆಯನ್ನಲ್ಲ, ಸಾಮರ್ಥ್ಯದ ಪ್ರಶ್ನೆಯನ್ನು. ಅದಕ್ಕೆ ನಾವು ಉತ್ತರ ಕೊಟ್ಟಿರಲಿಲ್ಲ. ಇಂದಿನ ಈ ಮಾತು ಆ ಉತ್ತರದ ಪ್ರಯತ್ನ. ವಿಷಯವನ್ನು ನಾವು ಆರಿಸಿಕೊಂಡದ್ದಲ್ಲ, ನಮ್ಮ ಶಾಲೆಯ ಬಾವಿಕಟ್ಟೆಯೇ ಅದನ್ನು ಕೊಟ್ಟಿತು.

ಬಾವಿಯ ಪಕ್ಕದ ಪಂಪ್‌ಶೆಡ್ಡನ್ನು ನೀವೆಲ್ಲ ಬಲ್ಲಿರಿ. ಮೋಟಾರಿನಿಂದ ಹೊರಟ ಉಕ್ಕಿನ ದಂಡ, ಅಂದರೆ ಶಾಫ್ಟ್, ಪಂಪಿನ ಹೊಟ್ಟೆಯೊಳಗೆ ಹೋಗುವ ಜಾಗದಿಂದ ನೀರು ಹನಿಯುತ್ತಿತ್ತು. ನೆಲ ಸದಾ ಒದ್ದೆ, ಅಲ್ಲಿ ಪಾಚಿ. ಬೇಸಗೆಯಲ್ಲಿ ಒಂದೊಂದು ಕೊಡ ನೀರಿಗೂ ಲೆಕ್ಕವಿಡುವ ನಮಗೆ ಆ ಹನಿಯನ್ನು ಕಂಡರೆ ಸಿಟ್ಟು. ಒಂದು ಏಪ್ರಿಲ್ ತಿಂಗಳು, ರಜಾಕಾಲದ ತರಬೇತಿ ಶಿಬಿರ ನಡೆಯುತ್ತಿದ್ದಾಗ, ಶಾಲೆಯ ಸಹಾಯಕರನ್ನು ಕರೆದು, "ಆ ಎರಡು ನಟ್ಟುಗಳನ್ನು ಚೆನ್ನಾಗಿ ಬಿಗಿದು ಹನಿ ನಿಲ್ಲಿಸಿ" ಎಂದು ನಾವೇ ಹೇಳಿದೆವು. ಅವರು ಬಿಗಿದರು. ಹನಿ ನಿಂತಿತು. ನೆಲ ಒಣಗಿತು. ನಮಗೆ ಬಹಳ ತೃಪ್ತಿಯಾಯಿತು.

ನಾಲ್ಕನೆಯ ದಿನ ಪಂಪ್‌ಶೆಡ್ಡಿನಿಂದ ಸುಟ್ಟ ವಾಸನೆ ಬಂತು. ದಂಡ ಬಿಸಿಯಾಗಿ ಮುಟ್ಟಲಾಗದಂತಿತ್ತು. ಮೋಟಾರು ಗುಂಯ್‌ಗುಟ್ಟಿ ನಿಂತಿತು. ಮೂರು ದಿನ ಶಿಬಿರದ ಮಕ್ಕಳಿಗೆ ಪಕ್ಕದ ಮನೆಗಳಿಂದ ನೀರು ಹೊತ್ತು ತರಬೇಕಾಯಿತು. ದುರಸ್ತಿಗೆ ಬಂದ ಮೆಕ್ಯಾನಿಕ್ ಪಂಪನ್ನು ಬಿಚ್ಚಿ, ಕರಕಲಾದ ಹಗ್ಗದ ತುಂಡುಗಳನ್ನು ನಮ್ಮ ಮುಂದಿಟ್ಟರು. ದಂಡದ ಮೇಲೆ ಬೆರಳಿಗೆ ತಾಗುವಷ್ಟು ಆಳದ ಗೀರುಗಳು ಬಿದ್ದಿದ್ದವು. "ಹನಿಯನ್ನು ಯಾಕೆ ನಿಲ್ಲಿಸಿದಿರಿ ಟೀಚರೇ? ಹನಿ ನಿಂತದ್ದೇ ಇದರ ರೋಗ" ಎಂದರು.

ನೀರು ಸೋರದಿರಲೆಂದು ಇರುವ ವಸ್ತು ಸ್ವಲ್ಪ ಸೋರಿದರೆ ಮಾತ್ರ ಬದುಕುತ್ತದೆ. ಈ ಮಾತು ಮೊದಲಿಗೆ ನಮಗೆ ಒಗಟಿನಂತೆ ಕಂಡಿತು. ವಿಜ್ಞಾನ ಅಧ್ಯಾಪಕರನ್ನು ಕೇಳಿದೆವು, ಎಂಜಿನಿಯರುಗಳಾಗಿರುವ ಹಳೆ ವಿದ್ಯಾರ್ಥಿಗಳನ್ನು ಕೇಳಿದೆವು, ಪುಸ್ತಕ ಓದಿದೆವು. ಹಾಗೆ ತಿಳಿದುದನ್ನು ಈಗ ನಿಮ್ಮ ಮುಂದಿಡುತ್ತೇವೆ.

ಮೊದಲು ಸಮಸ್ಯೆ ಏನೆಂದು ನೋಡೋಣ. ಚಲಿಸದ ಎರಡು ವಸ್ತುಗಳ ನಡುವೆ ನೀರನ್ನು ತಡೆಯುವುದು ಸುಲಭ. ಕುಕ್ಕರಿನ ಮುಚ್ಚಳಕ್ಕೆ ರಬ್ಬರ್ ಬಳೆ ಇದೆ. ಅದನ್ನು ಒತ್ತಿ ಹಿಡಿದರೆ ಸಾಕು, ಹೆಚ್ಚು ಒತ್ತಿದಷ್ಟೂ ತಡೆ ಹೆಚ್ಚು. ಆದರೆ ದಂಡ ತಿರುಗುತ್ತಿರುವಾಗ ಈ ಉಪಾಯ ನಡೆಯದು. ಸಡಿಲ ಬಿಟ್ಟರೆ ನೀರು ನುಗ್ಗುತ್ತದೆ, ಬಿಗಿ ಮಾಡಿದರೆ ಘರ್ಷಣೆಯಿಂದ ಬಿಸಿಯಾಗುತ್ತದೆ. ತಾಯಂದಿರಿಗೆ ಇದು ಹೊಸತಲ್ಲ. ಮಿಕ್ಸಿಯ ಜಾರು ಹಳತಾದಾಗ ಅದರ ತಳದಿಂದ ಕಪ್ಪು ನೀರು ಇಳಿಯುವುದನ್ನು ಎಲ್ಲರೂ ಕಂಡಿದ್ದೀರಿ. ಜಾರಿನ ತಳದಲ್ಲಿ ಒಂದು ತೂತು, ತೂತಿನಲ್ಲಿ ವೇಗವಾಗಿ ತಿರುಗುವ ಸಣ್ಣ ದಂಡ, ಅದರ ಸುತ್ತ ಒಂದು ತಡೆ. ಆ ತಡೆ ಸವೆದಿದೆ ಎಂಬುದೇ ಕಪ್ಪು ನೀರಿನ ಅರ್ಥ. ಬಟ್ಟೆ ತೊಳೆಯುವ ಯಂತ್ರದಲ್ಲಿ, ತೋಟದ ಪಂಪಿನಲ್ಲಿ, ಮೀನುಗಾರರ ದೋಣಿಯಲ್ಲಿ, ಎಲ್ಲೆಡೆಯೂ ಸಮಸ್ಯೆ ಒಂದೇ.

ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕವನ್ನು ಇಲ್ಲಿ ಮಾಡೋಣ. ಪಂಪಿನ ದಂಡದ ವ್ಯಾಸ 25 ಮಿ.ಮೀ. ಎಂದಿಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 78.5 ಮಿ.ಮೀ. ಇಂತಹ ಮೋಟಾರು ನಿಮಿಷಕ್ಕೆ ಸುಮಾರು 2880 ಸುತ್ತು, ಅಂದರೆ ಸೆಕೆಂಡಿಗೆ 48 ಸುತ್ತು ತಿರುಗುತ್ತದೆ. ಹಾಗಾದರೆ ದಂಡದ ಮೈ ತಡೆಯ ಮೇಲೆ ಸೆಕೆಂಡಿಗೆ 3.77 ಮೀಟರ್ ವೇಗದಲ್ಲಿ ಉಜ್ಜುತ್ತದೆ. ಒಂದು ಗಂಟೆಯಲ್ಲಿ ಅದು ಹದಿಮೂರೂವರೆ ಕಿಲೋಮೀಟರ್ ಉಜ್ಜಿದಂತಾಯಿತು. ಬಿಗಿದ ಹಗ್ಗ ದಂಡವನ್ನು 50 ನ್ಯೂಟನ್ ಬಲದಿಂದ ಹಿಂದಕ್ಕೆಳೆಯುತ್ತಿದೆ ಎಂದು ಭಾವಿಸಿದರೆ, ವ್ಯಯವಾಗುವ ಸಾಮರ್ಥ್ಯ 50 ಗುಣಿಸು 3.77, ಸುಮಾರು 190 ವ್ಯಾಟ್. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಅದರ ಕಾಲು ಭಾಗ ನೀರೆತ್ತುವುದಕ್ಕೆ ಸಲ್ಲದೆ, ಅಂಗೈಯಲ್ಲಿ ಹಿಡಿಯುವಷ್ಟು ಜಾಗದಲ್ಲಿ ಬರಿಯ ಬಿಸಿಯಾಗಿ ಹೋಗುತ್ತದೆ. ನಮ್ಮ ಹಗ್ಗ ಕರಕಲಾದುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಹನಿಯ ಲೆಕ್ಕ. ಹಗ್ಗದ ತಡೆಯಿರುವ ಪಂಪು ನಿಮಿಷಕ್ಕೆ 40ರಿಂದ 60 ಹನಿ ಬಿಡುವಂತೆ ನಟ್ಟು ಹೊಂದಿಸಬೇಕು ಎಂಬುದು ಕಸುಬಿನವರ ರೂಢಿಯ ಅಳತೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೆ, 50 ಹನಿಗೆ ಎರಡೂವರೆ ಮಿಲಿಲೀಟರ್. ದಿನಕ್ಕೆ ಎರಡು ಗಂಟೆ ಪಂಪು ನಡೆದರೆ 300 ಮಿಲಿಲೀಟರ್, ಒಂದೂವರೆ ಲೋಟ ನೀರು. ಆ ಒಂದೂವರೆ ಲೋಟವನ್ನು ಉಳಿಸಲು ಹೋಗಿ ನಾವು ಮೂರು ದಿನದ ನೀರನ್ನು ಕಳೆದುಕೊಂಡೆವು.

ಆ ಹನಿ ಮಾಡುವ ಕೆಲಸವೇನು? ಇದನ್ನು ತಿಳಿಯಲು 1883ರ ಇಂಗ್ಲೆಂಡಿಗೆ ಹೋಗಬೇಕು. ಬೋಶಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚನ್ನು ಹೊರುವ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಅವರು ಒಂದು ತೂತು ಕೊರೆದರು. ಯಂತ್ರ ತಿರುಗತೊಡಗಿದಾಗ ಎಣ್ಣೆ ಒಳಗೆ ಇಳಿಯುವುದರ ಬದಲು ತೂತಿನಿಂದ ಮೇಲಕ್ಕೆ ಉಕ್ಕಿ ಬಂತು. ಬಿರಡೆ ಹಾಕಿದರು, ಎಣ್ಣೆ ಅದನ್ನು ದೂಡಿ ಹೊರಹಾಕಿತು. ಮರದ ಗೂಟ ಜಡಿದರು, ಅದೂ ನಿಲ್ಲಲಿಲ್ಲ. ಕೊನೆಗೆ ಒತ್ತಡಮಾಪಕವನ್ನು ಜೋಡಿಸಿ ನೋಡಿದರೆ, ಬೇರಿಂಗಿನ ಮೇಲಿದ್ದ ಭಾರದಿಂದ ಬರಬೇಕಾದ ಸರಾಸರಿ ಒತ್ತಡಕ್ಕಿಂತ ಎರಡು ಪಟ್ಟು ಹೆಚ್ಚು ಒತ್ತಡ ಆ ತೆಳ್ಳನೆಯ ಎಣ್ಣೆಯಲ್ಲಿತ್ತು. ತಿರುಗುವ ದಂಡವೇ ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಅದರ ಮೇಲೆ ತೇಲುತ್ತಿತ್ತು. ಲೋಹ ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ. ಮೂರು ವರ್ಷಗಳ ಬಳಿಕ, 1886ರಲ್ಲಿ, ಓಸ್‌ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ಸೂತ್ರವನ್ನು ಕೊಟ್ಟರು. ಇಂದಿಗೂ ಎಂಜಿನಿಯರುಗಳು ಅದನ್ನೇ ಬಳಸುತ್ತಾರೆ.

ಇದೇ ಮೂಲ ತತ್ತ್ವ. ಉಜ್ಜುವ ಎರಡು ಮೈಗಳ ನಡುವೆ ದ್ರವದ ಒಂದು ತೆಳು ಪೊರೆ ಇದ್ದರೆ ಘರ್ಷಣೆ ಕಡಿಮೆ. ಪೊರೆ ಹರಿದರೆ ಬಿಸಿ, ಸವೆತ, ನಾಶ. ಪೊರೆ ದಪ್ಪವಾದರೆ ಸೋರಿಕೆ. ತಡೆಯನ್ನು ರೂಪಿಸುವವರ ಕೆಲಸವೆಂದರೆ ಆ ಪೊರೆಯನ್ನು ಹರಿಯಗೊಡದೆ, ದಪ್ಪವಾಗಗೊಡದೆ ಕಾಯುವುದು.

ಇದಕ್ಕೆ ಮುಖ್ಯವಾಗಿ ಮೂರು ಬಗೆಯ ಉಪಾಯಗಳಿವೆ.

ಮೊದಲನೆಯದು ನಮ್ಮ ಪಂಪಿನಲ್ಲಿದ್ದ ಹಗ್ಗ. ಇದನ್ನು ಗ್ಲ್ಯಾಂಡ್ ಪ್ಯಾಕಿಂಗ್ ಎನ್ನುತ್ತಾರೆ. ಹತ್ತಿ ಅಥವಾ ನಾರಿನ ಹೆಣೆದ ಹಗ್ಗಕ್ಕೆ ಕೊಬ್ಬು, ಗ್ರಾಫೈಟ್ ಹಾಕಿ ತಿಕ್ಕಿರುತ್ತಾರೆ. ಈಚೆಗೆ ಟೆಫ್ಲಾನ್ ಹಗ್ಗಗಳೂ ಬಂದಿವೆ. ದಂಡದ ಸುತ್ತ ಒಂದರ ಹಿಂದೆ ಒಂದರಂತೆ ನಾಲ್ಕೈದು ಬಳೆಗಳನ್ನು ಕೂರಿಸುತ್ತಾರೆ. ಪ್ರತಿ ಬಳೆಯ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಒಂದು ಬಳೆಯ ಸಂದು ಇನ್ನೊಂದರ ಸಂದಿನ ನೇರಕ್ಕೆ ಬರಬಾರದು, ಬಂದರೆ ನೀರಿಗೆ ರಾಜಮಾರ್ಗ ಸಿಕ್ಕಿದಂತೆ. ನಟ್ಟುಗಳನ್ನು ಎರಡೂ ಕಡೆ ಸಮವಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪಂಪು ಓಡುತ್ತಿರುವಾಗ ಹನಿಯನ್ನು ಎಣಿಸುತ್ತ ಹೊಂದಿಸಬೇಕು. ಇದು ಅಗ್ಗ, ಯಾವ ಊರಿನಲ್ಲಾದರೂ ದುರಸ್ತಿಯಾಗುತ್ತದೆ. ಆದರೆ ಘರ್ಷಣೆ ಹೆಚ್ಚು, ಕಣ್ಣಿಟ್ಟು ನೋಡಿಕೊಳ್ಳಬೇಕು.

ಎರಡನೆಯದು ತುಟಿಯಂತಹ ಅಂಚುಳ್ಳ ರಬ್ಬರ್ ಬಳೆ. ಬೈಕು, ಕಾರುಗಳ ಅಂಗಡಿಯಲ್ಲಿ ಆಯಿಲ್ ಸೀಲ್ ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ. ರಬ್ಬರಿನ ಒಂದು ಚೂಪು ಅಂಚು ದಂಡವನ್ನು ಹಗುರವಾಗಿ ಅಪ್ಪಿಕೊಂಡಿರುತ್ತದೆ. ಅದರ ಬೆನ್ನಿಗೆ ಬಳೆಯಾಕಾರದ ಸಣ್ಣ ಸ್ಪ್ರಿಂಗು. ಅಂಚಿನ ಎರಡು ಇಳಿಜಾರುಗಳು ಸಮವಾಗಿರುವುದಿಲ್ಲ. ಎಣ್ಣೆಯಿರುವ ಕಡೆ ಇಳಿಜಾರು ಕಡಿದು, ಗಾಳಿಯಿರುವ ಕಡೆ ಓರೆ. ಈ ಅಸಮತೆಯಿಂದಾಗಿ ದಂಡ ತಿರುಗುವಾಗ ಅಂಚಿನಡಿಗೆ ನುಸುಳಿದ ಎಣ್ಣೆಯನ್ನು ಅದೇ ಅಂಚು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಅಲ್ಲಿ ಪೊರೆಯೂ ಇದೆ, ಸೋರಿಕೆಯೂ ಇಲ್ಲ. ಇದೇ ಸೀಲನ್ನು ಹಿಂದುಮುಂದಾಗಿ ಕೂರಿಸಿದರೆ ಅದು ಎಣ್ಣೆಯನ್ನು ಹೊರಕ್ಕೇ ತಳ್ಳುತ್ತದೆ. ದಂಡದ ಮೈ ಒರಟಾಗಿದ್ದರೆ ಅಂಚು ಸವೆಯುತ್ತದೆ ಎಂಬುದು ಎಲ್ಲರಿಗೂ ಅರ್ಥವಾಗುವ ಮಾತು. ಆದರೆ ಮೈ ಕನ್ನಡಿಯಂತೆ ಅತಿ ನುಣುಪಾಗಿದ್ದರೂ ಕೆಟ್ಟದ್ದೇ. ಎಣ್ಣೆ ನಿಲ್ಲಲು ಅಲ್ಲಿ ನೆಲೆಯಿರುವುದಿಲ್ಲ. ಈ ಬಗೆಯ ಸೀಲಿಗೆ ಹೆಚ್ಚು ಒತ್ತಡವೂ ಒಗ್ಗದು. ಸಾಮಾನ್ಯವಾದುದು ನಾಲ್ಕೈದು ಮೀಟರ್ ಆಳದ ನೀರಿನ ಒತ್ತಡಕ್ಕೇ ದಂಡವನ್ನು ಬಿಗಿಯಾಗಿ ಒತ್ತಿಕೊಂಡು ಬಿಸಿಯಾಗತೊಡಗುತ್ತದೆ.

ಮೂರನೆಯದು ಮೆಕ್ಯಾನಿಕಲ್ ಸೀಲ್. ಇದರಲ್ಲಿ ದಂಡದ ಮೈಯನ್ನು ಉಜ್ಜುವ ಪ್ರಶ್ನೆಯೇ ಇಲ್ಲ. ಎರಡು ಚಪ್ಪಟೆ ಬಳೆಗಳು ಬೀಸುಕಲ್ಲಿನ ಎರಡು ಹೋಳುಗಳಂತೆ ಮುಖಕ್ಕೆ ಮುಖವಿಟ್ಟಿರುತ್ತವೆ. ಒಂದು ದಂಡದೊಂದಿಗೆ ತಿರುಗುತ್ತದೆ, ಇನ್ನೊಂದು ಪಂಪಿನ ಮೈಗೆ ಅಂಟಿಕೊಂಡು ನಿಂತಿರುತ್ತದೆ. ಒಂದು ಇಂಗಾಲದ್ದು, ಇನ್ನೊಂದು ಸಾಮಾನ್ಯವಾಗಿ ಪಿಂಗಾಣಿಯಂತಹ ಗಟ್ಟಿ ವಸ್ತುವಿನದು. ಸ್ಪ್ರಿಂಗು ಅವನ್ನು ಒತ್ತಿ ಹಿಡಿಯುತ್ತದೆ. ಆ ಎರಡು ಮುಖಗಳ ನಡುವಿನ ನೀರಿನ ಪೊರೆ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಅದರ ಹಲವು ಹತ್ತು ಪಟ್ಟು. ಹೊರಗೆ ಬರುವ ನೀರು ಎಷ್ಟು ಕಡಿಮೆಯೆಂದರೆ ಕಣ್ಣಿಗೆ ಬೀಳುವ ಮೊದಲೇ ಆವಿಯಾಗುತ್ತದೆ. ಅದನ್ನು ಕೂರಿಸುವಾಗ ಮುಖವನ್ನು ಬರಿ ಬೆರಳಿನಿಂದ ಮುಟ್ಟಬಾರದು ಎನ್ನುವಷ್ಟು ನಾಜೂಕು. ನೀರಿಲ್ಲದೆ ಪಂಪು ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಹಾಳು. ಕೆಟ್ಟರೆ ಹಗ್ಗದಂತೆ ಸರಿಪಡಿಸಲಾಗದು, ಬದಲಿಸಲೇಬೇಕು.

ಈ ಮೂರರಲ್ಲದೆ ಇನ್ನೊಂದು ದಾರಿಯೂ ಇದೆ. ಅದು ತಡೆಯನ್ನು ಬಲಪಡಿಸುವ ದಾರಿಯಲ್ಲ, ತಡೆಯ ಮೇಲಿನ ಭಾರವನ್ನೇ ಇಳಿಸುವ ದಾರಿ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹಡಗುಗಳಿಗೆ ಹಿಂಬದಿಯ ತಿರುಗಣೆ ಬಂದಾಗ, ಅದರ ದಂಡ ಹಡಗಿನ ಮೈಯನ್ನು ತೂರಿ ಸಮುದ್ರಕ್ಕಿಳಿಯುವ ಜಾಗದಲ್ಲಿನ ಲೋಹದ ಬೇರಿಂಗುಗಳು ಬೇಗ ಸವೆದುಹೋಗುತ್ತಿದ್ದವು. 1854ರಲ್ಲಿ ಇಂಗ್ಲೆಂಡಿನ ಜಾನ್ ಪೆನ್ ಅಲ್ಲಿ ಲಿಗ್ನಮ್ ವೀಟೆ ಎಂಬ ಮರದ ಪಟ್ಟಿಗಳನ್ನು ಕೂರಿಸಿದರು. ನೀರಿನಲ್ಲಿ ಮುಳುಗುವಷ್ಟು ಭಾರದ, ತನ್ನೊಳಗೇ ಅಂಟುರಾಳವುಳ್ಳ ಅಮೆರಿಕಾ ಖಂಡದ ಮರವದು. ಪಟ್ಟಿಗಳ ನಡುವಿನ ಸಂದುಗಳಲ್ಲಿ ಸಮುದ್ರದ ನೀರನ್ನು ಹರಿಯಬಿಟ್ಟರು. ಹೊರಗಿಡಬೇಕಾಗಿದ್ದ ನೀರೇ ಎಣ್ಣೆಯ ಕೆಲಸ ಮಾಡಿತು. ಒಳತುದಿಯಲ್ಲಿ ಒಂದು ಹಗ್ಗದ ತಡೆ ಸಾಕಾಯಿತು.

ನಮ್ಮ ತೋಟಗಳ ಕೊಳವೆಬಾವಿಯಲ್ಲಿ ಮುಳುಗಿರುವ ಮೋಟಾರಿನ ಕಥೆ ಇನ್ನೂ ಸ್ವಾರಸ್ಯಕರ. ನೂರು ಮೀಟರ್ ನೀರಿನಡಿ ಚದರ ಸೆಂಟಿಮೀಟರಿಗೆ ಸುಮಾರು ಹತ್ತು ಕಿಲೋ ಒತ್ತಡವಿರುತ್ತದೆ. ಅಷ್ಟನ್ನು ಒಂದು ಸಣ್ಣ ರಬ್ಬರ್ ಅಂಚು ತಡೆಯಲಾರದು. ಆದ್ದರಿಂದ ಇಂತಹ ಅನೇಕ ಮೋಟಾರುಗಳಲ್ಲಿ ಮೊದಲೇ ಶುದ್ಧ ನೀರನ್ನು ತುಂಬಿಡುತ್ತಾರೆ. ಒಳಗಿನ ತಂತಿಗಳಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಕೆ ಇದೆ. ತಳದಲ್ಲಿರುವ ರಬ್ಬರಿನ ಪರದೆ ಹೊರಗಿನ ಒತ್ತಡವನ್ನು ಒಳಗಿನ ನೀರಿಗೂ ಮುಟ್ಟಿಸುತ್ತದೆ. ಒಳಗೂ ಹೊರಗೂ ಒತ್ತಡ ಸಮ. ಇನ್ನು ಸೀಲಿನ ಕೆಲಸ ಒತ್ತಡವನ್ನು ತಡೆಯುವುದಲ್ಲ, ಮರಳು ಕೆಸರು ಒಳಗೆ ಬಾರದಂತೆ ನೋಡಿಕೊಳ್ಳುವುದು ಮಾತ್ರ. ಹಗುರವಾಗಿ ಮುಟ್ಟಿದರೆ ಸಾಕು, ಆದ್ದರಿಂದ ಘರ್ಷಣೆಯೂ ಕಡಿಮೆ. ಆಳಸಮುದ್ರದ ಯಂತ್ರಗಳಲ್ಲಿ ನೀರಿನ ಬದಲು ಎಣ್ಣೆ ತುಂಬಿ ಇದೇ ಉಪಾಯವನ್ನು ಅನುಸರಿಸುತ್ತಾರೆ. ಮೀನಿನ ತೊಟ್ಟಿಯ ಪುಟ್ಟ ಪಂಪಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ತಿರುಗುವ ಅಯಸ್ಕಾಂತ ನೀರಿನಲ್ಲೇ ಇದೆ, ತಂತಿಯ ಸುರುಳಿ ಅಂಟಿನಲ್ಲಿ ಮುಚ್ಚಿಹೋಗಿದೆ, ನಡುವೆ ತೂತೇ ಇಲ್ಲ. ತೂತಿಲ್ಲದ ಮೇಲೆ ತಡೆಯೂ ಬೇಡ. ನಮ್ಮ ಹಿರಿಯರು ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗಗಳನ್ನು ಇಲ್ಲಿ ನೆನೆಯಬಹುದು. ಅಲ್ಲಿಂದ ನೀರು ತಾನಾಗಿ ದಂಬೆಯಲ್ಲಿ ಹರಿದು ಬರುತ್ತದೆ. ಅದಕ್ಕೆ ದಂಡವೂ ಇಲ್ಲ, ಸೀಲೂ ಇಲ್ಲ.

ಈಗ ನಮ್ಮ ಮಕ್ಕಳ ಪ್ರಯೋಗಕ್ಕೆ ಬರೋಣ. ಪಂಪಿನ ಘಟನೆಯನ್ನು ಕಂಡಿದ್ದ ಮಕ್ಕಳ ಪೈಕಿ ಈಗ ಒಂಬತ್ತನೆಯ ತರಗತಿಯಲ್ಲಿರುವ ಮೂವರು, ಒಬ್ಬ ಹುಡುಗಿ ಮತ್ತು ಇಬ್ಬರು ಹುಡುಗರು, ವಿಜ್ಞಾನ ಮೇಳಕ್ಕೆ ಇದನ್ನೇ ಮಾದರಿಯಾಗಿ ಮಾಡುತ್ತೇವೆ ಎಂದರು. ಹುಡುಗಿಯ ತಂದೆ ಮೀನುಗಾರಿಕಾ ದೋಣಿಗಳ ಎಂಜಿನ್ ದುರಸ್ತಿ ಮಾಡುವವರು. ಮಳೆಗಾಲದ ಟ್ರಾಲಿಂಗ್ ನಿಷೇಧದ 52 ದಿನಗಳಲ್ಲಿ ದೋಣಿಗಳು ದಡದಲ್ಲಿರುವಾಗ ಅವರು ಹಳೆಯ ಹಗ್ಗ ತೆಗೆದು ಹೊಸತನ್ನು ಹಾಕುವುದನ್ನು ಅವಳು ಸಣ್ಣವಳಿದ್ದಾಗಿನಿಂದ ನೋಡಿದ್ದಾಳೆ.

ಚಿತ್ರಪಟಕ್ಕೆ ಶೀರ್ಷಿಕೆ ಬರೆದುಕೊಟ್ಟವರು ನಾವು. ಸೀಲ್ ಎಂಬುದಕ್ಕೆ ಕನ್ನಡ ಪದ ಬೇಕೆಂದು ನಿಘಂಟು ನೋಡಿ, "ತಿರುಗುವ ದಂಡದ ಮುದ್ರೆ" ಎಂದು ಬರೆದೆವು. ಹುಡುಗಿ ಓದಿ, "ಟೀಚರ್, ಮುದ್ರೆ ಅಂದರೆ ಪೋಸ್ಟಾಫೀಸಿನಲ್ಲಿ ಒತ್ತುವುದಲ್ಲವಾ? ಇದು ಒತ್ತಿದರೆ ಕೆಡುತ್ತದೆ" ಎಂದಳು. ಮೂವತ್ತು ವರ್ಷ ಕನ್ನಡ ಕಲಿಸಿದ ನಾವು ಆ ಪಟವನ್ನು ಹರಿದು ಬೇರೆ ಬರೆದೆವು. ಸೀಲ್ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡೆವು. ಅದು ಮಾಡುವ ಕೆಲಸವನ್ನು ಮಾತ್ರ ಮಕ್ಕಳು ತಮ್ಮ ಮಾತಿನಲ್ಲೇ ಬರೆದರು: "ನೀರನ್ನು ತಡೆಯಬೇಕು, ದಂಡವನ್ನು ತಡೆಯಬಾರದು." ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನಮಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಮಾದರಿ ಹೀಗಿದೆ. ಮೂರು ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲೂ ಒಂದು ಆಟಿಕೆಯ ಮೋಟಾರು. ಸೈಕಲ್ಲಿನ ಕಡ್ಡಿಯೇ ದಂಡ. ದಂಡ ಡಬ್ಬಿಯ ಗೋಡೆಯನ್ನು ತೂರಿ ಹೊರಬಂದು ಸಣ್ಣ ರೆಕ್ಕೆಯನ್ನು ತಿರುಗಿಸುತ್ತದೆ. ಡಬ್ಬಿಗಳು ನೀರಿನ ತೊಟ್ಟಿಯಲ್ಲಿ ಮುಳುಗಿವೆ. ಒಳಗೆ ಒಂದೊಂದು ಒಣ ಕಾಗದ, ಹೊರಗೆ ಒಂದೊಂದು ಅಮ್ಮೀಟರು. ಕಾಗದ ಸೋರಿಕೆಯನ್ನು ಹೇಳುತ್ತದೆ. ಘರ್ಷಣೆ ಹೆಚ್ಚಿದರೆ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ಅದನ್ನು ಅಮ್ಮೀಟರಿನ ಮುಳ್ಳು ಹೇಳುತ್ತದೆ. ಮೊದಲ ಡಬ್ಬಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಿಗಿ ವಾಷರು. ಎರಡನೆಯದಕ್ಕೆ ಗ್ರೀಸ್ ಹಚ್ಚಿದ ಹತ್ತಿನೂಲಿನ ಬಳೆಗಳು. ಮೂರನೆಯದಕ್ಕೆ ಉದ್ದನೆಯ ಸಪೂರ ಹಿತ್ತಾಳೆ ಕೊಳವೆ, ಅದರ ತುಂಬ ಗ್ರೀಸ್. ಅದರಲ್ಲಿ ದಂಡ ಗ್ರೀಸನ್ನಲ್ಲದೆ ಬೇರೇನನ್ನೂ ಹೆಚ್ಚಾಗಿ ಮುಟ್ಟುವುದಿಲ್ಲ.

ನಿನ್ನೆ ಬೆಳಿಗ್ಗೆ ಡಬ್ಬಿಗಳನ್ನು ನೀರಿಗಿಳಿಸಿದರು. ಮೊದಲನೆಯದರಲ್ಲಿ ಕಾಗದ ಒಣಗಿಯೇ ಇತ್ತು, ಆದರೆ ರೆಕ್ಕೆ ಕಷ್ಟಪಟ್ಟು ತಿರುಗಿತು, ಮುಳ್ಳು ಮೇಲೇರಿತು, ಮೋಟಾರು ಬಿಸಿಯಾಯಿತು. ಎರಡನೆಯದರಲ್ಲಿ ರೆಕ್ಕೆ ಚೆನ್ನಾಗಿ ತಿರುಗಿತು, ಕಾಗದದ ಅಂಚು ಮಾತ್ರ ತೇವವಾಯಿತು. ಮೂರನೆಯದು ಮಕ್ಕಳ ಹೆಮ್ಮೆ. ಹಗುರವಾಗಿ ತಿರುಗಿತು, ಮುಳ್ಳು ಕೆಳಗೇ ಇತ್ತು, ಮಧ್ಯಾಹ್ನದವರೆಗೂ ಕಾಗದ ಒಣ. ಸಂಜೆ ನೋಡಿದಾಗ ಗ್ರೀಸ್ ಮೆಲ್ಲನೆ ಹೊರಗೆ ಜಾರಿ, ನೀರು ಒಳಗೆ ಬಂದು, ಕಾಗದ ಪೂರ್ತಿ ಒದ್ದೆಯಾಗಿತ್ತು.

ಇಲ್ಲಿ ನಮ್ಮ ಎರಡನೆಯ ತಪ್ಪನ್ನೂ ಹೇಳಿಬಿಡಬೇಕು. "ನಾಳೆ ಅತಿಥಿಗಳು ಬರುವ ಮೊದಲು ಗ್ರೀಸ್ ತುಂಬಿ, ಹೊಸ ಕಾಗದ ಇಟ್ಟುಬಿಡಿ ಮಕ್ಕಳೇ" ಎಂದು ನಾವೇ ಹೇಳಿದೆವು. ನೂರು ವರ್ಷದ ಹಬ್ಬದಲ್ಲಿ ಶಾಲೆಯ ಮಾದರಿ ಸೋತಂತೆ ಕಾಣಬಾರದೆಂಬ ಆಸೆ. ಹುಡುಗಿ ಒಪ್ಪಲಿಲ್ಲ. "ಬೇಡ ಟೀಚರ್. ಎಷ್ಟು ಹೊತ್ತು ತಡೆಯಿತು ಅಂತ ಬರೆಯುತ್ತೇವೆ. ಇಲ್ಲದಿದ್ದರೆ ನೋಡಿದವರು ಇದನ್ನೇ ದೋಣಿಗೆ ಹಾಕಿಯಾರು" ಎಂದಳು. ರಾತ್ರಿ ಅವಳ ತಂದೆಗೆ ಫೋನು ಮಾಡಿ ಕೇಳಿದ್ದಾರೆ. ದೋಣಿಗಳಲ್ಲಿ ಕೊಳವೆಗೆ ಒಂದು ಗ್ರೀಸ್ ಬಟ್ಟಲು ಇರುತ್ತದೆ, ಆಗಾಗ ಅದರ ಹಿಡಿಯನ್ನು ತಿರುಗಿಸಿ ಹೊಸ ಗ್ರೀಸನ್ನು ಒಳಗೆ ತಳ್ಳುತ್ತಿರಬೇಕು ಎಂದು ಅವರು ತಿಳಿಸಿದರಂತೆ. ಇಂದು ನೀವು ಪ್ರದರ್ಶನದಲ್ಲಿ ನೋಡುವಾಗ ಆ ಒದ್ದೆ ಕಾಗದ ಹಾಗೆಯೇ ಇರುತ್ತದೆ. ಅದರ ಪಕ್ಕದಲ್ಲಿ ಬಟ್ಟಲು ಜೋಡಿಸಿದ ನಾಲ್ಕನೆಯ ಡಬ್ಬಿಯೂ ಇದೆ.

ಆ ಮಕ್ಕಳು ತಾವು ಕಲಿತುದನ್ನು ಪಟದ ಕೊನೆಗೆ ನಾಲ್ಕು ಮಾತುಗಳಲ್ಲಿ ಬರೆದಿದ್ದಾರೆ. ಅದನ್ನು ಓದುತ್ತೇವೆ. ಒಂದು, ದಂಡ ಆದಷ್ಟು ಸಪೂರವಾಗಿರಲಿ. ವ್ಯಾಸ ಅರ್ಧವಾದರೆ ಉಜ್ಜುವ ಉದ್ದವೂ ಅರ್ಧ, ವೇಗವೂ ಅರ್ಧ, ಆದ್ದರಿಂದ ನಷ್ಟ ಕಾಲು ಭಾಗ. ಎರಡು, ದಂಡ ನೇರವಾಗಿರಲಿ, ಅಲುಗದಿರಲಿ. ಅಲುಗುವ ದಂಡಕ್ಕೆ ಯಾವ ಸೀಲೂ ನಿಲ್ಲದು. ಮೂರು, ಒಳಗೂ ಹೊರಗೂ ಒತ್ತಡವನ್ನು ಸಮ ಮಾಡಲು ಸಾಧ್ಯವೇ ಎಂದು ಮೊದಲು ನೋಡಿ, ಬಿಗಿಯುವ ಯೋಚನೆ ಆಮೇಲೆ ಮಾಡಿ. ನಾಲ್ಕು, ಎಷ್ಟು ಸೋರಿದರೆ ನಡೆಯುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಏನೂ ಸೋರಬಾರದು ಎಂದರೆ ಅದರ ಬೆಲೆಯನ್ನು ಘರ್ಷಣೆಯಲ್ಲಿ ಕೊಡಬೇಕು.

ಮಾನ್ಯರೇ, ಈ ಶಾಲೆ ಆರಂಭವಾದಾಗ ನಮ್ಮ ಊರು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಿಂದ ಕೇರಳದಲ್ಲಿದೆ. ಇಲ್ಲಿನ ಮಗು ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ, ತರಗತಿಯಲ್ಲಿ ಕನ್ನಡ ಓದಿ, ಕಚೇರಿಯಲ್ಲಿ ಮಲಯಾಳದ ಅರ್ಜಿ ತುಂಬಿ, ಮುಂದೆ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುತ್ತದೆ. ಭಾಷೆಯನ್ನು ಉಳಿಸುವುದೆಂದರೆ ಸುತ್ತಲಿನ ಮಾತುಗಳು ಒಂದು ಹನಿಯೂ ಒಳಬಾರದಂತೆ ನಟ್ಟು ಬಿಗಿಯುವುದು ಎಂದು ನಾವೂ ಒಂದು ಕಾಲಕ್ಕೆ ಭಾವಿಸಿದ್ದೆವು. "ಮುದ್ರೆ" ಎಂದು ಬರೆದದ್ದೂ ಅದೇ ಭಾವನೆಯಿಂದ. ಯಂತ್ರದ ಪಾಠವನ್ನು ಬಾಳಿಗೆ ಪೂರ್ತಿ ಹೊಂದಿಸಲು ಹೋಗಬಾರದು, ಅದು ನಮಗೂ ಗೊತ್ತು. ಆದರೆ ಬಿಗಿದರೆ ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಈಗ ಅಷ್ಟಿಲ್ಲ. ಮಗು ಅಪ್ಪನ ಕೆಲಸದ ಮಾತನ್ನು ತರಗತಿಗೆ ತಂದರೆ ತರಲಿ. ತಂದ ಮಾತಿನಿಂದ ಕನ್ನಡದಲ್ಲಿ ಯೋಚನೆ ಮಾಡುತ್ತದೆಯೇ, ಲೆಕ್ಕ ಹಾಕುತ್ತದೆಯೇ, ತಪ್ಪನ್ನು ತಪ್ಪೆಂದು ಬರೆಯುತ್ತದೆಯೇ ಎಂಬುದನ್ನು ಮಾತ್ರ ನಾವು ನೋಡುತ್ತೇವೆ.

ಟಿ.ಸಿ. ಪಡೆದು ಹೋದ ಆ ತಾಯಿಯನ್ನು ಈ ಕಾರ್ಯಕ್ರಮಕ್ಕೆ ಹಳೆ ವಿದ್ಯಾರ್ಥಿನಿಯಾಗಿ ಆಹ್ವಾನಿಸಿದ್ದೆವು. ಅವರು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಮಗನನ್ನೂ ಕರೆತಂದಿದ್ದಾರೆ. ಅವರು ತೆಗೆದುಕೊಂಡ ತೀರ್ಮಾನವನ್ನು ನಾವು ಗೌರವಿಸುತ್ತೇವೆ. ಆದರೆ ಅಂದು ಬಾಕಿ ಉಳಿದ ಪ್ರಶ್ನೆಗೆ ಇಷ್ಟು ಹೇಳುವ ಅನುಮತಿ ಬೇಡುತ್ತೇವೆ: ಅಮ್ಮಾ, ಯಂತ್ರದ ವಿಷಯವನ್ನು ಕನ್ನಡದಲ್ಲಿ ಹೇಳಲು ಆಗುತ್ತದೆ. ಹೇಳಲು ಬಾರದೆ ಇದ್ದದ್ದು ನಮಗೆ, ಕನ್ನಡಕ್ಕಲ್ಲ. ಒಂದು ಪಂಪು ಸುಟ್ಟ ಮೇಲೆ, ಒಂಬತ್ತನೆಯ ತರಗತಿಯ ಮೂವರು ಮಕ್ಕಳಿಂದ ನಾವು ಕಲಿತೆವು.

ಶಾಲೆಯ ಪಂಪಿಗೆ ಮೆಕ್ಯಾನಿಕಲ್ ಸೀಲ್ ಹಾಕಿಸಿಕೊಡುವುದಾಗಿ ಹಳೆ ವಿದ್ಯಾರ್ಥಿ ಸಂಘ ಹೇಳಿತ್ತು. ಅವರಿಗೆ ನಮ್ಮ ಕೃತಜ್ಞತೆಗಳು. ಚರ್ಚಿಸಿ, ಸದ್ಯಕ್ಕೆ ಹಗ್ಗವೇ ಇರಲಿ ಎಂದು ತೀರ್ಮಾನಿಸಿದ್ದೇವೆ. ಅದನ್ನು ನಮ್ಮ ಊರಿನಲ್ಲೇ ಸರಿಪಡಿಸಬಹುದು, ಮಕ್ಕಳು ಕಣ್ಣಾರೆ ನೋಡಬಹುದು. ಹನಿಯುವ ನೀರಿಗೆ ಸಣ್ಣ ಚರಂಡಿ ಮಾಡಿ ಬಸಳೆಯ ಚಪ್ಪರದ ಬುಡಕ್ಕೆ ಬಿಟ್ಟಿದ್ದೇವೆ. ಮಧ್ಯಾಹ್ನದ ಊಟದ ಸಾಂಬಾರಿಗೆ ಆ ಬಸಳೆ ಬರುತ್ತಿದೆ. ಪ್ರತಿ ಸೋಮವಾರ ಏಳನೆಯ ತರಗತಿಯ ಇಬ್ಬರು ಮಕ್ಕಳು ಗಡಿಯಾರ ಹಿಡಿದು ಒಂದು ನಿಮಿಷದ ಹನಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಕಳೆದ ಸೋಮವಾರದ ಲೆಕ್ಕ 46.

ಈಗ ಪ್ರದರ್ಶನದ ಕೊಠಡಿಗಳ ಬಾಗಿಲು ತೆರೆಯಲಿದೆ. ದಯವಿಟ್ಟು ಎಲ್ಲರೂ ಬಂದು ನೋಡಬೇಕು, ಮಕ್ಕಳನ್ನು ಪ್ರಶ್ನೆ ಕೇಳಬೇಕು.